ರಟ್ಟಿನ ಪ್ಯಾಕಿಂಗ್

ಮನಿಫೋಲ್ ಬಿಚ್ಚುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಇಂಜಿನ್ನಿನ ಮಗ್ಗುಲಿಗೆ ನಾಲ್ಕು ನಟ್ಟು ಹಾಕಿ ಬಿಗಿದ ಬೀಡುಕಬ್ಬಿಣದ ಕೊಳವೆ ಅದು. ಗಾಳಿಯೂ ಪೆಟ್ರೋಲೂ ಕೂಡಿಕೊಂಡು ಅದರೊಳಗಿಂದಲೇ ಇಂಜಿನ್ನಿನ ಹೊಟ್ಟೆಗೆ ಹೋಗಬೇಕು. ಪೆಟ್ರೋಲಿನ ನಳಿಗೆ ಬಿಡಿಸಿ, ಕಾರ್ಬೊರೇಟರ್ ಇಳಿಸಿ, ನಟ್ಟು ಸಡಿಲಿಸಿ, ಕಟ್ಟಿಗೆಯ ಕೊಡತಿಯಿಂದ ಎರಡು ಏಟು ಹಾಕಿದರೆ ಕಳಚಿ ಕೈಗೆ ಬರುತ್ತದೆ. ಕಳಚಿದ ಕೂಡಲೇ ಇಂಜಿನ್ನಿನ ಎರಡೂ ತೂತಿಗೆ ಅರಿವೆ ತುರುಕಬೇಕು, ಏನಾದರೂ ಒಳಗೆ ಬಿದ್ದರೆ ಮುಗಿಯಿತು ಕತೆ. ಇಷ್ಟು ಕಲಿಯಲು ಯಾವ ದಡ್ಡನಿಗೂ ಎರಡು ದಿನ ಸಾಕು.

ಕಷ್ಟವಿರುವುದು ತಿರುಗಿ ಕೂಡಿಸುವುದರಲ್ಲಿ. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಒಂದು ಪ್ಯಾಕಿಂಗ್ ಬೇಕು. ಅಂಗೈಯಗಲದ ಒಂದು ಬಿಲ್ಲೆ, ನಡುವೆ ದೊಡ್ಡ ತೂತು, ಎರಡು ಬದಿಗೆ ಬೋಲ್ಟಿನ ಸಣ್ಣ ತೂತು. ಕೊಳವೆಗೆ ಎರಡು ಬಾಯಿ, ಆದ್ದರಿಂದ ಪ್ಯಾಕಿಂಗೂ ಎರಡು. ಅದು ಹರಿಯಿತೋ, ಸಂದಿಯಿಂದ ಬರೀ ಗಾಳಿ ನುಗ್ಗಿ ಇಂಜಿನ್ನು ಕ್ಷಯರೋಗಿಯ ಹಾಗೆ ಕೆಮ್ಮುತ್ತದೆ. ಏರು ಕಂಡರೆ ನಿಂತುಬಿಡುತ್ತದೆ.

ಯಲಬುರ್ಗಿಯ ಉಮಾಪತಿ ಸಾವಕಾರರ ಮೋಟಾರಿಗೆ ಡ್ರೈವರೂ ನಾನೇ, ಮಿಸ್ತ್ರಿಯೂ ನಾನೇ. ಹದಿನೈದು ವರ್ಷ ಆ ಗಾಡಿಯ ಚಾಕರಿ ಮಾಡಿದ್ದೇನೆ. ಅದರ ಮನಿಫೋಲನ್ನು ಎಷ್ಟು ಸಲ ಬಿಚ್ಚಿದ್ದೇನೋ ಲೆಕ್ಕವಿಲ್ಲ. ಆದರೆ ಕೊನೆಯ ಆರು ವರ್ಷ ಅದನ್ನು ನಾನೂ ಮುಟ್ಟಲಿಲ್ಲ, ಇನ್ನೊಬ್ಬರಿಗೂ ಮುಟ್ಟಗೊಡಲಿಲ್ಲ. ಅಂದಪ್ಪನಿಗೆ ತಲೆ ಕೆಟ್ಟಿದೆ ಅಂದವರೂ ಉಂಟು. ಅನ್ನಲಿ, ಅವರ ಬಾಯಿ ಅವರದು.

ನಮಗೆ ಇದ್ದದ್ದು ಒಂದೇ ಮಗಳು, ಕಳಕಮ್ಮ. ನಾವು ಕಳಕಿ ಅನ್ನುತ್ತಿದ್ದೆವು. ಸಾವಕಾರರ ಹಿತ್ತಲಲ್ಲಿ ಗಾಡಿಯ ಶೆಡ್ಡು, ಶೆಡ್ಡಿಗೆ ಅಂಟಿಕೊಂಡೇ ನಮ್ಮ ಎರಡು ಅಂಕಣದ ಮನೆ. ಹೀಗಾಗಿ ಹುಡುಗಿ ಬೆಳೆದದ್ದೇ ಗಾಡಿಯಲ್ಲಿ. ನಾನು ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದರೆ ಅವಳು ಮೇಲೆ ಕೂತು ರಬ್ಬರಿನ ಹಾರ್ನು ಒತ್ತುತ್ತಿದ್ದಳು. ನನ್ನ ಕಿವಿ ಹರಿಯುತ್ತಿತ್ತು, ಬೈಯುತ್ತಿದ್ದೆ. ಈಗ ಆ ಬೈಗುಳ ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಸಾವಕಾರರ ಮಗಳ ಮದುವೆಗೆ ಗದಗಿನಿಂದ ಒಬ್ಬ ಫೋಟೋದವನನ್ನು ಕರೆಸಿದ್ದರು. ಮೂರು ಕಾಲಿನ ಪೆಟ್ಟಿಗೆ, ಅದರ ಮೇಲೆ ಕರಿ ಬಟ್ಟೆ. ಕಳಕಿಗೆ ಆಗ ಐದು ವರ್ಷ. ಮೋಟಾರಿನ ಪಕ್ಕ ಹೊಸ ಪರಕಾರ, ಅಂದರೆ ಉದ್ದ ಲಂಗ, ತೊಟ್ಟು ನಿಂತಿದ್ದವಳನ್ನು ನೋಡಿ ಆತನಿಗೆ ಏನನ್ನಿಸಿತೋ, "ಹಾಂಗ ನಿಂದ್ರವ್ವ, ಒಂದು ಫೋಟೋ ತಗೀತೀನಿ" ಅಂದ. ನಾನು ಹಿಗ್ಗಿ ಹೋದೆ. ಅಷ್ಟರಲ್ಲಿ ನನ್ನ ಹೆಂಡತಿ ಶಂಕ್ರಮ್ಮ ಎಲ್ಲಿದ್ದಳೋ ಓಡಿ ಬಂದು ಹುಡುಗಿಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡ್ರಿ, ಬ್ಯಾಡ. ಬದುಕಿದ್ದವರ ಫೋಟೋ ತಗದ್ರ ಆಯುಷ್ಯ ಕಡಿಮಿ ಆಗತೈತಿ."

ಇದು ಅವಳೊಬ್ಬಳ ಮಾತಲ್ಲ. ನಮ್ಮ ಕಡೆ ಆಗ ಎಲ್ಲರೂ ಹಾಗೇ ನಂಬಿದ್ದರು. ಫೋಟೋ ಅಂದರೆ ಸತ್ತ ಮೇಲೆ. ಉಳ್ಳವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ವಿಭೂತಿ ಹಚ್ಚಿ, ಹೂವು ಹಾಕಿ, ಕೂಡಿಸಿ, ಆಗ ಫೋಟೋದವನಿಗೆ ಹೇಳಿಕಳಿಸುತ್ತಿದ್ದರು. ನನಗೆ ಮಾತ್ರ ಅವತ್ತು ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಮದುವೆ ಮನೆ ಅಂತ ನುಂಗಿಕೊಂಡೆ.

ನಾಲ್ಕನೆಯ ದಿನಕ್ಕೆ ಕಳಕಿ ಸತ್ತಳು. ಜ್ವರ ಬಂದದ್ದು ಗೊತ್ತಾಯಿತು, ಇಳಿಯಲಿಲ್ಲ, ಅಷ್ಟೇ. ಬೀಗರನ್ನು ಕಳಿಸುವ ಗದ್ದಲದಲ್ಲಿ ಫೋಟೋದವನು ಇನ್ನೂ ಊರಲ್ಲೇ ಇದ್ದ. ನಾನು ಹೋಗಿ ಅವನನ್ನು ಕರೆತಂದೆ. ಶಂಕ್ರಮ್ಮ ಬಾಗಿಲಿಗೆ ಅಡ್ಡ ನಿಂತಳು. "ಈಗ ಏನ್ ತಗೀತೀರಿ? ಇದ ನನ್ನ ಮಗಳಲ್ಲ" ಎಂದು ಕೂಗಿದಳು. ನಾನು ಅವಳಿಗಿಂತ ಜೋರಾಗಿ ಕೂಗಿದೆ. "ಜೀವ ಇದ್ದಾಗ ನೀ ಬಿಡಲಿಲ್ಲ. ಈಗರ ಬಿಡು!" ಹೆಣದ ಮುಂದೆ ಗಂಡ ಹೆಂಡತಿ ಹಾಗೆ ಕಚ್ಚಾಡಿದೆವು. ಜನ ನೋಡಿದರು.

ಕೂಡಿಸಿದರೆ ಕೂಸು ವಾಲುತ್ತಿತ್ತು. ಕೊನೆಗೆ ಶಂಕ್ರಮ್ಮನೇ ಹಿಂದೆ ಕಂಬಳಿಯ ಮರೆಯಲ್ಲಿ ಕೂತು, ಒಂದು ಕೈಯಿಂದ ಭುಜ ಹಿಡಿದುಕೊಂಡಳು. ಫೋಟೋ ಬಂದಾಗ ಆ ಕೈಯೂ ಅದರಲ್ಲಿ ಬಂದಿತ್ತು. ಒರಳಿಗೆ ಸಿಕ್ಕು ಸೊಟ್ಟಗಾದ ಕಿರುಬೆರಳು ಸುದ್ದಾ ಸ್ಪಷ್ಟವಾಗಿ ಕಾಣುತ್ತಿತ್ತು. ಮುಚ್ಚಿದ ರೆಪ್ಪೆಯ ಮೇಲೆ ಫೋಟೋದವನು ಕುಂಚದಿಂದ ಕಣ್ಣು ಬರೆದಿದ್ದ, ಬದುಕಿದ ಹಾಗೆ ಕಾಣಲಿ ಎಂದು. ಶಂಕ್ರಮ್ಮ ಒಂದೇ ಸಲ ನೋಡಿದಳು.

"ಕಣ್ಣ ನನ್ನ ಮಗಳವು ಅಲ್ಲ. ಕೈ ಮಾತ್ರ ನಂದು, ಕಳ್ಳರ ಕೈ ಇದ್ದಂಗ ಐತಿ" ಅಂದು ಅದನ್ನು ಪೆಟ್ಟಿಗೆಯ ತಳದಲ್ಲಿ ಹಾಕಿಬಿಟ್ಟಳು.

ಗೇಣುದ್ದದ ಫೋಟೋ, ಹಿಂದೆ ವಿಲಾಯತಿ ರಟ್ಟು. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ. ಶಂಕ್ರಮ್ಮ ಹೊಲಕ್ಕೋ ಭಾವಿಗೋ ಹೋದಾಗ ನಾನು ಪೆಟ್ಟಿಗೆ ತೆಗೆದು ಅದನ್ನು ನೋಡುತ್ತಿದ್ದೆ. ಬರೆದ ಕಣ್ಣಾದರೆ ಏನಾಯಿತು, ಮೂಗು ಅವಳದು, ಗದ್ದದ ಮೇಲಿನ ಹಚ್ಚೆಯ ಚುಕ್ಕೆ ಅವಳದು. ಏಳು ವರ್ಷ ಹಾಗೆ ಕದ್ದು ನೋಡಿದೆ. ಆ ಏಳು ವರ್ಷದಲ್ಲಿ ನಾವಿಬ್ಬರೂ ಮಗಳ ಹೆಸರೆತ್ತಿ ಒಂದು ಮಾತೂ ಆಡಲಿಲ್ಲ. ಅವಳು ಅಡ್ಡ ಬಾರದಿದ್ದರೆ ಮಗಳು ಪರಕಾರ ತೊಟ್ಟು ನಗುತ್ತಾ ನಿಂತ ಫೋಟೋ ಇರುತ್ತಿತ್ತಲ್ಲ ಎಂಬುದು ನನ್ನ ಗಂಟಲಲ್ಲಿತ್ತು. ಅವಳ ಗಂಟಲಲ್ಲಿ ಏನಿತ್ತೋ ನಾನು ಕೇಳಲಿಲ್ಲ.

ಯುದ್ಧದ ಕಾಲಕ್ಕೆ, ಅಂದರೆ ನಲವತ್ತಮೂರರಲ್ಲಿ, ಗಾಡಿ ಹೆಚ್ಚುಕಡಿಮೆ ಶೆಡ್ಡಿನಲ್ಲೇ ನಿಂತಿತ್ತು. ಪೆಟ್ರೋಲು ಚೀಟಿಯ ಮೇಲೆ ಸಿಗುತ್ತಿತ್ತು, ಬಿಡಿಭಾಗ ಚೀಟಿ ಇದ್ದರೂ ಸಿಗುತ್ತಿರಲಿಲ್ಲ. ಮನಿಫೋಲಿನ ಪ್ಯಾಕಿಂಗ್ ಹಳತಾಗಿ ಸುಸ್ ಎನ್ನಲು ಹತ್ತಿತ್ತು. ಹುಬ್ಬಳ್ಳಿಗೆ ಎರಡು ಸಲ ಬರೆಸಿ ಹಾಕಿದರೂ ಮಾಲು ಬಂದಿರಲಿಲ್ಲ.

ಒಂದು ದಿನ ಮುಂಜಾನೆ ಹೊತ್ತೇರುವಾಗ ಸಾವಕಾರರ ಹೊಲದಲ್ಲಿ ದುಡಿಯುವ ಹುಚ್ಚೀರಪ್ಪ ಚಕ್ಕಡಿ ಹೂಡಿಕೊಂಡು ಬಂದ. ಚಕ್ಕಡಿಯಲ್ಲಿ ಅವನ ಹೆಂಡತಿ ಫಕೀರಮ್ಮ. ಚೊಚ್ಚಲ ಬಸುರಿ, ಹಿಂದಿನ ದಿನದಿಂದ ಬ್ಯಾನಿ ತಿನ್ನುತ್ತಿದ್ದಳು. ಕೂಸು ಅಡ್ಡ ಬಿದ್ದಿದೆ, ಇದು ನನ್ನ ಕೈ ಮೀರಿತು ಎಂದು ಸೂಲಗಿತ್ತಿ ಹೇಳಿಬಿಟ್ಟಿದ್ದಳು. ಕೊಪ್ಪಳದ ದವಾಖಾನೆಗೆ ಚಕ್ಕಡಿಯಲ್ಲಿ ಹೋದರೆ ಕತ್ತಲಾಗುತ್ತಿತ್ತು. ಮೋಟಾರಿಗಾದರೆ ಎರಡು ತಾಸಿನ ದಾರಿ.

ಸಾವಕಾರರು ಖುದ್ದು ಹಿತ್ತಲಿಗೆ ಬಂದರು. "ಅಂದಪ್ಪ, ಡಬ್ಬಿಯೊಳಗ ಇದ್ದ ಪೆಟ್ರೋಲ್ ಎಲ್ಲಾ ಹಾಕು. ಲಗೂನ ಗಾಡಿ ತಗಿ."

ಗಾಡಿ ಚಾಲೂ ಮಾಡಿದೆ. ನಾಲ್ಕು ಸಲ ಕೆಮ್ಮಿ ನಿಂತಿತು. ಬಾನೆಟ್ ಎತ್ತಿ ಮನಿಫೋಲ್ ಬಿಚ್ಚಿದೆ. ಎರಡೂ ಪ್ಯಾಕಿಂಗ್ ಸುಟ್ಟ ಹಪ್ಪಳದ ಹಾಗೆ ಪುಡಿಪುಡಿಯಾಗಿ ಕೈಗೆ ಬಂದವು.

ತೊಗಲು ಹಾಕಿದರೆ ಬಿಸಿಗೆ ಮುರುಟುತ್ತದೆ. ಪುಸ್ತಕದ ರಟ್ಟು ಮೆತ್ತಗಾಗಿ ಉಬ್ಬುತ್ತದೆ, ಇಂಜಿನ್ನು ಅದನ್ನು ಎಳೆದು ನುಂಗಿಬಿಡುತ್ತದೆ. ಇವನ್ನೆಲ್ಲ ನಾನು ಹಿಂದೆಯೇ ಮಾಡಿ ನೋಡಿ ಕೈಸುಟ್ಟುಕೊಂಡಿದ್ದೆ. ಬೇಕಾದದ್ದು ಒಂದೇ, ತೆಳ್ಳಗಿದ್ದರೂ ಕಲ್ಲಿನ ಹಾಗೆ ಒತ್ತಿದ ರಟ್ಟು. ಅದನ್ನು ಕುದಿಸಿದ ಅಗಸಿ ಎಣ್ಣೆಯಲ್ಲಿ ಅದ್ದಿ ಕೂಡಿಸಿದರೆ ತಗಡಿನ ಪ್ಯಾಕಿಂಗಿಗಿಂತ ಒಂದು ಕೈ ಮೇಲು. ಅಂಥ ರಟ್ಟು ಯಲಬುರ್ಗಿಯಲ್ಲಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಪುಡಿಯಾದ ಪ್ಯಾಕಿಂಗ್ ಅಂಗೈಗೆ ಬಿದ್ದ ಆ ಗಳಿಗೆಯಲ್ಲೇ ಗೊತ್ತಾಗಿತ್ತು.

ನಾನು ಬಾಯಿ ಬಿಡಲಿಲ್ಲ.

"ಕಾಗದ ಹಾಕಿ ನೋಡತೀನ್ರಿ ಸಾವಕಾರ್ರ" ಅಂದೆ. ಕಿರಾಣಿ ಅಂಗಡಿಯ ಕಂದು ಕಾಗದವನ್ನು ಆರು ಪದರ ಮಡಿಚಿ, ಸೋಪು ಸವರಿ, ಕತ್ತರಿಸಿ ಕೂಡಿಸಿದೆ. ಚಾಲೂ ಮಾಡಿದೆ. ಹರಿಯಿತು. ಮತ್ತೆ ಬಿಚ್ಚಿ ಎಂಟು ಪದರ ಹಾಕಿದೆ. ಮತ್ತೆ ಹರಿಯಿತು. ಮೂರನೆಯ ಸಲವೂ ಕೂಡಿಸಿದೆ. ನಿಲ್ಲುವುದಿಲ್ಲ ಎಂದು ಗೊತ್ತಿದ್ದೇ ಮಾಡಿದೆ. ನೋಡುವವರ ಕಣ್ಣಿಗೆ ಅಂದಪ್ಪ ಬೆವರು ಸುರಿಸಿ ದುಡಿಯುತ್ತಿದ್ದ. ಹೀಗೆ ಒಂದು ತಾಸಿನ ಮೇಲಾಯಿತು. ಬೇವಿನ ಗಿಡದ ಕೆಳಗೆ ನಿಲ್ಲಿಸಿದ ಚಕ್ಕಡಿಯಲ್ಲಿ ಫಕೀರಮ್ಮ ಮೊದಲು ಚೀರುತ್ತಿದ್ದಳು, ಆಮೇಲೆ ನರಳುತ್ತಿದ್ದಳು, ಆಮೇಲೆ ಅದೂ ಸಣ್ಣದಾಯಿತು. ಹುಚ್ಚೀರಪ್ಪ ಎತ್ತಿನ ಕೊರಳು ತಬ್ಬಿ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದ. ನಾನು ತಲೆ ಎತ್ತಲಿಲ್ಲ.

ಫಕೀರಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಶಂಕ್ರಮ್ಮ. ಅವಳು ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತಳು.

"ಏನ್ ಬೇಕಾಗೇತ್ರಿ ಇದಕ್ಕ?"

"ರಟ್ಟು. ಗಟ್ಟಿ ರಟ್ಟು. ಎಲ್ಲಿಂದ ತರ್ಲಿ?" ಎಂದು ರೇಗಿದೆ.

ಅವಳು ನನ್ನ ಮುಖ ನೋಡಿದಳು. ನಾನು ಕದ್ದು ಪೆಟ್ಟಿಗೆ ತೆಗೆಯುವುದು ಅವಳಿಗೆ ಗೊತ್ತಿತ್ತು ಎಂದು ಆಗ ತಿಳಿಯಿತು. ಎದ್ದವಳೇ ಮನೆಯೊಳಗೆ ಹೋದಳು. ಬಂದಾಗ ಕೈಯಲ್ಲಿ ಫೋಟೋ ಇತ್ತು.

"ತಗೋರಿ."

"ಹುಚ್ಚು ಹಿಡದೈತೇನು ನಿನಗ? ಇದೊಂದ ಉಳದದ್ದು!"

"ಅಲ್ಲೊಬ್ಬಾಕಿ ಅದಾಳ. ಇನ್ನೂ ಜೀವಂತ ಅದಾಳ" ಅಂದಳು. "ಕತ್ತರಸ್ರಿ. ಮುಖ ದೊಡ್ಡ ತೂತಿನಾಗ ಬರೂಹಂಗ ಇಡ್ರಿ, ಅದು ಬಿದ್ದಿದ್ದು ನಾ ಇಟ್ಕೋತೀನಿ. ಉಳದದ್ದು ಗಾಡಿಗಿ ಹಾಕ್ರಿ."

ಪ್ಯಾಕಿಂಗಿನ ಅಳತೆ ತೆಗೆಯುವುದು ಹೀಗೆ: ರಟ್ಟನ್ನು ಮನಿಫೋಲಿನ ಬಾಯಿಯ ಮೇಲೆ ಒತ್ತಿ ಹಿಡಿದು, ಅಂಚಿನ ಗುಂಟ ಗುಂಡು ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಕೆಳಗಿನ ಕಬ್ಬಿಣದ ಅಂಚು ತನ್ನ ಗುರುತನ್ನು ತಾನೇ ಒತ್ತುತ್ತದೆ. ರಟ್ಟು ಅಲುಗಿದರೆ ಕೆಟ್ಟಿತು. ಶಂಕ್ರಮ್ಮ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಮುಖವನ್ನು ತೂತಿನ ನೇರಕ್ಕೆ ತಂದು, ಸೊಟ್ಟ ಬೆರಳಿನ ಆ ಕೈಯಿಂದ ಒತ್ತಿ ಹಿಡಿದಳು. ನಾನು ಮಗಳ ಮುಖದ ಸುತ್ತ ಸುತ್ತಿಗೆ ಬಡಿದೆ. ಆಮೇಲೆ ಬೋಲ್ಟಿನ ತೂತುಗಳನ್ನು ಹೊಡೆದೆ. ಚೂರಿಯಿಂದ ಕೊರೆದಾಗ ಮುಖ ಒಂದು ರೂಪಾಯಿಗಿಂತ ತುಸು ದೊಡ್ಡ ಬಿಲ್ಲೆಯಾಗಿ ಕೆಳಗೆ ಬಿತ್ತು. ಶಂಕ್ರಮ್ಮ ಅದನ್ನು ಎತ್ತಿ ಎಲೆಯಡಿಕೆ ಸಂಚಿಗೆ ಹಾಕಿಕೊಂಡಳು. ಕೆಳಗಿನ ಅರ್ಧದಲ್ಲಿ, ಪರಕಾರ ಮತ್ತು ಎರಡು ಪುಟ್ಟ ಪಾದ ಇದ್ದ ಕಡೆ, ಇನ್ನೊಂದು ಪ್ಯಾಕಿಂಗ್ ಆಯಿತು.

ಅಗಸಿ ಎಣ್ಣೆ ಕಾಸಿ ಎರಡನ್ನೂ ಅದ್ದಿದೆ. ಚಿತ್ರವಿದ್ದ ಬದಿಯನ್ನು ಇಂಜಿನ್ನಿನ ಕಡೆ ಮಾಡಿ, ಆ ಬದಿಗೆ ಬಾರ್ ಸೋಪು ಸವರಿದೆ. ಸೋಪು ಹಚ್ಚಿದ ಬದಿ ಅಂಟುವುದಿಲ್ಲ, ಮುಂದೆ ಬಿಚ್ಚುವಾಗ ಕೆರೆಯುವ ಕೆಲಸ ಇರುವುದಿಲ್ಲ. ಅಂಥ ಹೊತ್ತಿನಲ್ಲೂ ಮುಂದೆ ಬಿಚ್ಚುವುದನ್ನು ನೆನೆದೆನಲ್ಲ, ಕಸುಬು ಅಂದರೆ ಅದು. ಅರಿವೆ ಕಿತ್ತು, ಮನಿಫೋಲ್ ಕೂಡಿಸಿ, ನಟ್ಟುಗಳನ್ನು ಒಂದಾದ ಮೇಲೆ ಒಂದು, ಸ್ವಲ್ಪ ಸ್ವಲ್ಪವೇ ಬಿಗಿದೆ. ಹ್ಯಾಂಡಲ್ ಒಂದು ಸುತ್ತು ತಿರುವಿದ್ದೇ ತಡ, ಇಂಜಿನ್ನು ಹೊಸ ಗಾಡಿಯ ಹಾಗೆ ನಡೆಯಿತು. ಸುಸ್ ಎಂಬ ಸದ್ದೇ ಇಲ್ಲ. ನನಗೆ ಅಳು ಬಂತು. ಸ್ಟಿಯರಿಂಗ್ ಹಿಡಿದು ಅತ್ತೆ.

ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ. ಏರು ಬಂದರೂ ಗಾಡಿ ಉಸಿರು ಕಳೆದುಕೊಳ್ಳಲಿಲ್ಲ. ಕೊಪ್ಪಳ ಮುಟ್ಟಿದಾಗ ಇಳಿಹೊತ್ತು. ದವಾಖಾನೆಯಲ್ಲಿ ಜುಬೇದಾಬೀ ಎಂಬ ವಯಸ್ಸಾದ ದಾಯಿ ಫಕೀರಮ್ಮನನ್ನು ಒಳಗೆ ಕರೆದುಕೊಂಡು ಹೋದಳು. ನಾನೂ ಹುಚ್ಚೀರಪ್ಪನೂ ಹೊರಗೆ ಕಟ್ಟೆಯ ಮೇಲೆ ಕೂತೆವು. ಬಹಳ ಹೊತ್ತಿನ ಮೇಲೆ ಆಕೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ತಾಯಿ ಉಳದಾಳಪಾ. ಕೂಸು ಹೋತು. ಹೆಣ್ಣ ಕೂಸು, ಛಲೋ ಇತ್ತು. ಒಂದ ತಾಸ ಮೊದಲ ಬಂದಿದ್ರ ಎರಡೂ ಜೀವ ಉಳೀತಿದ್ವು. ಯಾಕ ತಡಾ ಮಾಡಿದ್ರಿ?"

ಹುಚ್ಚೀರಪ್ಪ ನನಗಿಂತ ಮೊದಲು ಉತ್ತರ ಕೊಟ್ಟ. "ಗಾಡಿ ಕೆಟ್ಟಿತ್ರೀ ಅವ್ವಾ. ನಮ್ಮ ಅಂದಪ್ಪಣ್ಣ ಭಾಳ ಬಡದಾಡಿದ. ಅವನ ದೆಸಿಂದ ಇಷ್ಟರ ಆತು." ಹೀಗೆ ಹೇಳಿ ಅವನು ನನ್ನ ಕಾಲು ಮುಟ್ಟಲು ಬಗ್ಗಿದ. ಎದ್ದು ಗಾಡಿಯ ಕಡೆ ಹೋಗಿಬಿಟ್ಟೆ. ಅವನು ಒಂದು ಏಟು ಹೊಡೆದಿದ್ದರೂ ನನಗೆ ಹಗುರಾಗುತ್ತಿತ್ತು.

ಒಂದು ತಾಸು. ಕಂದು ಕಾಗದ ಮಡಿಚುತ್ತಾ ನಾನು ಕಳೆದದ್ದು ಅದೇ ಒಂದು ತಾಸು. ಸತ್ತ ನನ್ನ ಮಗಳ ಚಿತ್ರ ಉಳಿಸಿಕೊಳ್ಳಲು ಹೋಗಿ, ಬದುಕಬಹುದಾಗಿದ್ದ ಇನ್ನೊಬ್ಬರ ಮಗಳನ್ನು ಕಳೆದೆ. ಕೊನೆಗೆ ಚಿತ್ರವೂ ಉಳಿಯಲಿಲ್ಲ. ಮನೆಗೆ ಬಂದು ಇದನ್ನು ಶಂಕ್ರಮ್ಮನಿಗೆ ಹೇಳಿದೆ. ಜೀವನದಲ್ಲಿ ನಾನು ಒಪ್ಪಿಕೊಂಡ ತಪ್ಪು ಅದೊಂದೇ.

ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಅಂದಳು, "ನಾನೂ ತಪ್ಪ ಮಾಡಿದ್ನಿ. ಗಾಡಿ ಮುಂದ ನಗಕೋತ ನಿಂತಿದ್ಲು, ನಾ ಜಗ್ಗಿಕೊಂಡ್ನಿ. ದಿನಾ ಕಣ್ಣ ಮುಂದ ಬರತೈತಿ."

ಏಳು ವರ್ಷದ ಮೇಲೆ ಅವತ್ತು ನಾವು ಕಳಕಿಯ ಹೆಸರು ಹೇಳಿಕೊಂಡು ಅತ್ತೆವು. ಅವಳು ಹಾರ್ನು ಒತ್ತುತ್ತಿದ್ದುದು, ಸಜ್ಜಿ ರೊಟ್ಟಿಗೆ ಬೆಲ್ಲ ಬೇಡಿ ಹಟ ಮಾಡುತ್ತಿದ್ದುದು, ಎಲ್ಲ ಮಾತಾಡಿದೆವು. ಮಾತು ಮುಗಿಯಲೇ ಇಲ್ಲ.

ಮೂರು ವರ್ಷಕ್ಕೆ ಶಂಕ್ರಮ್ಮ ಹೋದಳು. ಕಾಮಾಲೆ ಅಂದರು. ಕೂಡಿಸಿ ವಿಭೂತಿ ಹಚ್ಚಿದಾಗ ಸಾವಕಾರರು ಮೆಲ್ಲಗೆ ಕೇಳಿದರು, "ಕೊಪ್ಪಳದಾಗ ಈಗ ಫೋಟೋದವ ಅದಾನಂತ. ಗಾಡಿ ಕಳಸೂಣೇನು ಅಂದಪ್ಪ?"

ಬೇಡ ಅಂದೆ. ಬದುಕಿದ್ದಾಗ ಅವಳು ಫೋಟೋಕ್ಕೆ ನಿಂತವಳಲ್ಲ. ಸತ್ತಾಗ ತೆಗೆಸಿದರೆ ಎದ್ದು ಬಂದು ಬೈದಾಳು. ಈ ಸಲವಾದರೂ ಅವಳ ಮಾತು ನಡೆಯಲಿ. ಅವಳ ಸಂಚಿಯನ್ನು ಏನು ಮಾಡುವುದು ಎಂದು ಹೆಂಗಸರು ಕೇಳಿದರು. ಬಿಚ್ಚಿ ನೋಡಿದೆ. ಎಲೆ, ಸುಣ್ಣದ ಡಬ್ಬಿ, ಸುಣ್ಣ ತಾಗಿ ಅಂಚು ಬೆಳ್ಳಗಾದ ಆ ಬಿಲ್ಲೆ. ಬರೆದ ಕಣ್ಣನ್ನು ಅವಳು ಉಗುರಿನಿಂದ ಕೆರೆದು ತೆಗೆದಿದ್ದಳು. ಕೆಳಗೆ ಮುಚ್ಚಿದ ರೆಪ್ಪೆ ಕಾಣುತ್ತಿತ್ತು, ಕಳಕಿ ನಿದ್ದೆ ಹೋದಾಗ ಇರುತ್ತಿದ್ದ ಹಾಗೆ. ಸಂಚಿಯನ್ನು ಅವಳ ಮಡಿಲಲ್ಲೇ ಇಟ್ಟು ಮಣ್ಣು ಕೊಟ್ಟೆವು.

ಮನೆಯಲ್ಲಿ ಆಮೇಲೆ ಯಾರ ಮುಖವೂ ಉಳಿಯಲಿಲ್ಲ. ವರ್ಷ ಕಳೆದಂತೆ ಶಂಕ್ರಮ್ಮನ ಮುಖ ನೆನಪು ಮಾಡಿಕೊಳ್ಳಲು ಹೋದರೆ ಮೂಗು ಬಂದರೆ ಹಣೆ ಬರದು, ಹಣೆ ಬಂದರೆ ಗದ್ದ ಬರದು. ಇದು ಯಾರಿಗೆ ಹೇಳಿಕೊಳ್ಳುವ ಮಾತು?

ರಜಾಕಾರರ ಗದ್ದಲ ಮುಗಿದ ಮರುವರ್ಷ ಸಾವಕಾರರು ಗಾಡಿಯನ್ನು ಗಂಗಾವತಿಯ ಅಕ್ಕಿ ವ್ಯಾಪಾರಿ ದೊಡ್ಡಬಸಪ್ಪನವರಿಗೆ ಕೊಟ್ಟರು. ಅವರು ಹುಬ್ಬಳ್ಳಿಯಿಂದ ಹೊಸ ತಾಮ್ರದ ಪ್ಯಾಕಿಂಗ್ ತಂದು, ಹಾಕಿಯೇ ಒಯ್ಯುತ್ತೇನೆ ಎಂದು ಶೆಡ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಹಳೆಯದು ಇನ್ನೂ ಗಟ್ಟಿ ಇದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಗಾಡಿ ಅವರದು, ನಾನು ಯಾರು?

ಕಾರ್ಬೊರೇಟರ್ ಇಳಿಸಿದೆ. ಆರು ವರ್ಷದ ನಟ್ಟು ಜಂಗು ಹಿಡಿದು ಕೂಗಿದವು. ಕೊಡತಿಯಿಂದ ಎರಡು ಏಟು ಹಾಕಿದೆ. ಸೋಪು ತನ್ನ ಕೆಲಸ ಮಾಡಿತ್ತು. ಪ್ಯಾಕಿಂಗುಗಳು ಹರಿಯದೆ ಮನಿಫೋಲಿನ ಜೊತೆಗೇ ಬಂದವು, ಚಿತ್ರ ಮೇಲಾಗಿ.

"ಇದೇನೋ ಅಂದಪ್ಪ, ಪ್ಯಾಕಿಂಗಿನ ಮ್ಯಾಲ ಚಿತ್ರ ಐತೆಲ್ಲ?" ಎಂದು ದೊಡ್ಡಬಸಪ್ಪನವರು ಕತ್ತು ಚಾಚಿದರು. "ಹೋಗ್ಲಿ ಬಿಡು, ಕೆರದು ಒಗಿ."

"ಒಗಿತೀನ್ರಿ" ಅಂದೆ.

ಕೆರೆಯಲಿಲ್ಲ. ಬಿಸಿನೀರಿನ ಅರಿವೆ ಇಟ್ಟು ನೆನೆಸಿ, ತೆಳ್ಳನೆಯ ಚೂರಿಯಿಂದ ಮೆಲ್ಲಗೆ ಎಬ್ಬಿಸಿ ಬಿಸಿಲಿಗೆ ಹಿಡಿದೆ. ಎಣ್ಣೆ ಕುಡಿದು ಎರಡೂ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಒಂದರಲ್ಲಿ ಪರಕಾರದ ಅಂಚು, ಎರಡು ಪುಟ್ಟ ಪಾದ. ಇನ್ನೊಂದರಲ್ಲಿ ಮುಖವಿದ್ದಲ್ಲಿ ತೂತು, ತೂತಿನ ಕೆಳಗೆ ಭುಜ. ಭುಜದ ಮೇಲೆ ಕೈ.

ಆ ಕೈ ನನಗೆ ಮರೆತೇಹೋಗಿತ್ತು. ಏಳು ವರ್ಷ ಕದ್ದು ನೋಡುವಾಗಲೂ ನಾನು ನೋಡಿದ್ದು ಮುಖವನ್ನು ಮಾತ್ರ. ಬಳೆ ತೊಟ್ಟ ಮುಂಗೈ, ವಾಲುವ ಕೂಸನ್ನು ಬಿಗಿಯಾಗಿ ಹಿಡಿದ ಬೆರಳು. ಶಂಕ್ರಮ್ಮನ ಫೋಟೋ ಅಂತ ಈ ಲೋಕದಲ್ಲಿ ಇರುವುದು ಅಷ್ಟೇ. ಆರು ವರ್ಷ ಅದು ಇಂಜಿನ್ನಿನ ಬಿಸಿಯಲ್ಲಿ ಬೆಂದಿತ್ತು, ನಾನು ಅದರ ಮುಂದೆಯೇ ಕೂತು ಗಾಡಿ ಓಡಿಸಿದ್ದೆ.

ಹೊಸ ಪ್ಯಾಕಿಂಗ್ ಹಾಕಿ ಮನಿಫೋಲ್ ಬಿಗಿದೆ. ದೊಡ್ಡಬಸಪ್ಪನವರು ಗಾಡಿ ತೆಗೆದುಕೊಂಡು ಹೋದರು. ಧೂಳು ಇಳಿದ ಮೇಲೆ ಬೇವಿನ ಗಿಡದ ಕೆಳಗೆ ಕೂತು ಮತ್ತೆ ನೋಡಿದೆ. ಬೆರಳು ಮೂರೇ ಇದ್ದವು. ಸೊಟ್ಟ ಕಿರುಬೆರಳನ್ನು ಹುಡುಕಿದೆ. ಅದು ಇರಬೇಕಾದ ಜಾಗದಲ್ಲಿ ಬೋಲ್ಟಿನ ತೂತಿತ್ತು. ಆ ತೂತು ಹೊಡೆದವನು ನಾನು. ಹೊಡೆಯುವಾಗ ರಟ್ಟು ಅಲುಗದ ಹಾಗೆ ಒತ್ತಿ ಹಿಡಿದಿದ್ದವಳು ಅವಳು, ಅದೇ ಕೈಯಿಂದ. ತನ್ನ ಬೆರಳು ಹೋಗುವುದನ್ನು ಅವಳು ನೋಡಿಯೇ ಇದ್ದಳು. ಮುಖ ಉಳಿಯಲಿ ಎಂದು ರಟ್ಟನ್ನು ಸರಿಸಲಿಲ್ಲ.